ಹಾಲೆಂಡಿನಲ್ಲಿ ಒಂದು ಅಟ್ಟೆ ಮಲ್ಲಿಗೆ

೧೪ ಜನವರಿ ೧೯೮೪, ಶನಿವಾರ

ಚಳಿಗೆ ಮೊಗ್ಗು ಕಡಿಮೆ. ಬೆಳಿಗ್ಗೆ ಏಳಕ್ಕೇ ಕೊಯ್ದು ಮುಗಿಯಿತು. ಒಂದೂವರೆ ಚೆಂಡು. ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ — ಈ ಶಂಕರಪುರದಲ್ಲಿ ಮಕ್ಕಳು ಮಗ್ಗಿಗಿಂತ ಮೊದಲು ಕಲಿಯುವ ಲೆಕ್ಕ. ಶಾಲೆಗೆ ಹತ್ತು ನಿಮಿಷ ತಡವಾಗಿ ಹೋದೆ. ಹೆಡ್‌ಮಾಸ್ಟರು ಗಡಿಯಾರ ನೋಡಿದರು, ನಾನು ಗೋಡೆ ನೋಡಿದೆ.

ಝೀಟಾಳ ಸೂಟ್‌ಕೇಸು ಮುಚ್ಚುವುದಿಲ್ಲ. ಅತ್ತೆ ಕಾನ್ಸೆಪ್ಟಾ ಮಾಂಯ್ ಮೂರನೇ ಸಲ ಬಾಳೆನಾರಿನ ಕಟ್ಟು ತುರುಕಿದ್ದಾರೆ. ಹಾಲೆಂಡಿನವರಿಗೆ ಹೂ ಕಟ್ಟಲು ನಾರು ಎಲ್ಲಿಂದ ಸಿಗಬೇಕು, ಅಲ್ಲಿ ಬಾಳೆ ಆಗುವುದಿಲ್ಲವಲ್ಲ ಎಂದು ಅವರ ವಾದ. ಮಗಳು ಹೋಗುವುದು ಹೂ ಕಟ್ಟಲು ಅಲ್ಲ, ತೋಟಗಾರಿಕೆ ಡಿಪ್ಲೊಮಾದ ಕೊನೆಯ ಆರು ತಿಂಗಳ ಪ್ರಾಕ್ಟಿಕಲ್‌ಗೆ ಎಂದು ನಾನೂ ಮೂರು ಸಲ ಹೇಳಿದೆ. ನಾರು ಗೆದ್ದಿತು. ಒಂದು ಸ್ವೆಟರ್ ಹೊರಗೆ ಬಂತು.

ಕಾಲೇಜಿನ ಫಾದರ್ ಪ್ರಿನ್ಸಿಪಾಲರು ಹೊರದೇಶಕ್ಕೆ ಕಳಿಸುತ್ತಿರುವವರಲ್ಲಿ ಇವಳೇ ಮೊದಲು. ಅಲ್ಲಿನ ಯಜಮಾನ ಜೂನಿನೊಳಗೆ ಒಳ್ಳೆಯ ರಿಪೋರ್ಟ್ ಬರೆದು ಕಳಿಸಬೇಕು. ಬರೆದರೆ ಇವಳಿಗೆ ಡಿಪ್ಲೊಮಾ, ಜುಲೈಯಲ್ಲಿ ಇವಳ ಗೆಳತಿ, ಕಾರ್ಕಳದ ಪ್ರಫುಲ್ಲಾಳಿಗೆ ವಿಮಾನ. ಬರೆಯದಿದ್ದರೆ ಇಬ್ಬರಿಗೂ ಇಲ್ಲ.

೧೭ ಜನವರಿ, ಮಂಗಳವಾರ

ಹೋದಳು. ಬಜಪೆ ವಿಮಾನ ನಿಲ್ದಾಣದಲ್ಲಿ ಅಳಲಿಲ್ಲ, ನಾನೂ ಅಳಲಿಲ್ಲ. ಇಬ್ಬರೂ ಹಟಮಾರಿಗಳು. ಅವಳ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಟ್ಟಿದ್ದೇನೆ:

ಕರೆಯುವ ಮೊದಲೇ ಏಳು,
ಮಾಡಿದ ಮೇಲೇ ಹೇಳು.

ಎರಡು ದಿನ ಹಿಡಿಯಿತು ಇದಕ್ಕೆ. ಚೆನ್ನಾಗಿ ಬಂದಿದೆ ಎಂದು ನನ್ನ ಅಭಿಪ್ರಾಯ.

೯ ಫೆಬ್ರವರಿ

ಮೊದಲ ಕಾಗದ. ಗಾಜಿನ ಮನೆಯೊಳಗೆ ತೋಟವಂತೆ. ಗಿಡಗಳಿಗೆ ಹೀಟರ್, ಕೆಲಸದವರಿಗೆ ಕೋಟು. ಊಟಕ್ಕೆ ಬ್ರೆಡ್ಡು, ಬ್ರೆಡ್ಡಿನ ಮೇಲೆ ಚೀಸು, ಚೀಸಿನ ಮೇಲೆ ಇನ್ನೊಂದು ಬ್ರೆಡ್ಡು. ಒಂದು ಮೂಲೆಯಲ್ಲಿ ನಮ್ಮ ಮಲ್ಲಿಗೆಯ ದೂರದ ಸಂಬಂಧಿ ಒಂದುಂಟಂತೆ, ಕುಂಡದಲ್ಲಿ ತಂತಿಗೆ ಸುತ್ತಿಕೊಂಡು ಬೆಳೆಯುವುದು. ಮೊಗ್ಗು ಗುಲಾಬಿ ಬಣ್ಣ, ಹೂ ಬಿಳಿ. “ನೋಡಿದಾಗ ಮನೆಯ ನೆನಪಾಯಿತು” ಎಂದು ಬರೆದಿದ್ದಾಳೆ.

ಮಾಂಯ್ ಈ ವಾಕ್ಯವನ್ನು ಎರಡು ಸಲ ಓದಿಸಿದರು.

೨ ಮಾರ್ಚ್, ಸಂಜೆ

ಎರಡನೇ ಕಾಗದ. ಬರೆಯಲು ಕೈ ಬರುವುದಿಲ್ಲ. ಆದರೂ ಬರೆಯುತ್ತೇನೆ, ಬೇರೆ ಯಾರಿಗೆ ಹೇಳಲಿ.

ಒಂದು ಶನಿವಾರ ಸಂಜೆ ಆ ಮಲ್ಲಿಗೆಯ ಕುಂಡಗಳು ಮೊಗ್ಗು ತುಂಬಿ ನಿಂತಿದ್ದವು. ಮರುದಿನ ಭಾನುವಾರ. ಅಲ್ಲಿ ಭಾನುವಾರ ಯಾರೂ ಕೆಲಸಕ್ಕೆ ಬರುವುದಿಲ್ಲ. ಇವಳಿಗೆ ನಿದ್ದೆ ಇಲ್ಲ — ಅಯ್ಯೋ, ಮರೆತಿದ್ದಾರೆ, ಸೋಮವಾರಕ್ಕೆಲ್ಲ ಅರಳಿ ಹಾಳಾಗುತ್ತದೆ ಎಂದು. ನಮ್ಮಲ್ಲಿ ಭಾನುವಾರವೂ ಇಗರ್ಜಿಯ ಪೂಜೆಗೆ ಹೋಗುವ ಮೊದಲು ಕೊಯ್ದು ಮುಗಿಸಬೇಕು. ಹೂ ಗಿಡದಲ್ಲೇ ಅರಳಿದರೆ ಮನೆಗೇ ಮರ್ಯಾದೆ ಇಲ್ಲ.

ಐದು ಗಂಟೆಗೆ ಎದ್ದಳು. ನಲವತ್ತು ಕುಂಡ. ಒಂದು ಮೊಗ್ಗು ಬಿಡಲಿಲ್ಲ. ಹನ್ನೊಂದರೊಳಗೆ ಕಟ್ಟಿಯೂ ಆಯಿತು. ಬಾಳೆನಾರು ಇತ್ತಲ್ಲ. ಪೂರ್ತಿ ಒಂದು ಅಟ್ಟೆ. ಯಜಮಾನರ ಹೆಂಡತಿಗೆ ಮುಡಿಸಲು ಹೋದರೆ ಅವರದು ಹುಡುಗರ ಕಟಿಂಗು. ಕೊರಳಿಗೆ ಹಾಕಿದಳಂತೆ. ಅವರು ಕುರ್ಚಿ ಹುಡುಕಿ ಕುಳಿತರಂತೆ.

ಆ ಗಿಡಗಳನ್ನು ಅಲ್ಲಿ ಕೊಯ್ಯುವುದೇ ಇಲ್ಲ. ಮೊಗ್ಗು ಬಿರಿಯುವ ಹೊತ್ತಿಗೆ ಕುಂಡ ಸಮೇತ ಹರಾಜಿಗೆ ಕಳಿಸುವುದು. ಮಂಗಳವಾರ ಲಾರಿ ಬರುವುದಿತ್ತು. ಬಂತು. ಖಾಲಿ ಹೋಯಿತು. ಯಜಮಾನ ಒಂದೇ ಮಾತು ಹೇಳಿದ್ದಾನೆ: ಇನ್ನು ಹೂವಿರುವ ಯಾವುದನ್ನೂ ಮುಟ್ಟಬೇಡ, ಇಟ್ಟುಕೊಳ್ಳುವುದೋ ಕಳಿಸುವುದೋ ಯೋಚಿಸುತ್ತೇನೆ. ಅಲ್ಲಿಯವರೆಗೆ ಖಾಲಿ ಕುಂಡ ತೊಳೆಯುವುದು.

ಕೊನೆಯ ಸಾಲು: “ಅಮ್ಮಾ, ನೀವು ಬರೆದುಕೊಟ್ಟ ಹಾಗೆಯೇ ಮಾಡಿದೆ.”

೪ ಮಾರ್ಚ್, ಭಾನುವಾರ

ಮಾಂಯ್‌ಗೆ ಹೇಳದೆ ಉಪಾಯವಿರಲಿಲ್ಲ. ಕೇಳಿದ ಮೊದಲ ಪ್ರಶ್ನೆ — “ಕಟ್ಟು ಬಿಗಿ ಬಂದಿತ್ತಂತಾ?”

ಮಾಂಯ್, ಅವಳನ್ನು ವಾಪಸ್ ಕಳಿಸಬಹುದು, ಡಿಪ್ಲೊಮಾ ಹೋಗಬಹುದು ಎಂದೆ.

“ಗಿಡ ಸಮೇತ ಮಾರಿದರೆ ನಾಳೆ ಎಂತ ಕೊಯ್ಯುವುದು? ಆ ಜನಕ್ಕೆ ಕಲಿಸಲಿಕ್ಕೆ ಒಬ್ಬರು ಬೇಕಿತ್ತು, ಹೋಗಿದ್ದಾಳೆ.”

ತಪ್ಪು ಯಾರದು ಎಂದು ಮಧ್ಯಾಹ್ನದವರೆಗೆ ಚರ್ಚೆ. ನಾರು ತುರುಕಿದ್ದು ಅವರು, ಪದ್ಯ ಬರೆದದ್ದು ನಾನು. ಅವರ ತೀರ್ಪು: ನಾರಿನಿಂದ ಯಾರೂ ಕೆಟ್ಟದ್ದಿಲ್ಲ.

ಬಹ್ರೈನಿನಲ್ಲಿರುವ ಝೀಟಾಳ ಅಪ್ಪ ಡೆನಿಸ್‌ಗೆ ಬರೆದೆ: ಮಗಳು ಯಾರೂ ಹೇಳದೆಯೇ ಕೆಲಸ ಮಾಡುತ್ತಿದ್ದಾಳೆ. ಸುಳ್ಳಲ್ಲ.

೧೧ ಮಾರ್ಚ್

ಪ್ರಫುಲ್ಲಾಳ ತಾಯಿ ಮೋಹಿನಿಯಕ್ಕ ಕಾರ್ಕಳದಿಂದ ಬಂದಿದ್ದರು. ಎರಡು ಬಸ್ಸು ಬದಲಿಸಿ. ಮಗಳಿಗೆ ಏನೇನು ಕಟ್ಟಿಕೊಡಬೇಕೆಂದು ಕೇಳಲು. ಪೆನ್ಸಿಲು, ಚೀಟಿ ಎಲ್ಲ ತಂದಿದ್ದರು. ಮಾಂಯ್ ಅವರನ್ನು ಮೊದಲೇ ತೋಟಕ್ಕೆ ಅಟ್ಟಿದೆ.

ಚಳಿ ಉಂಟಾ? — ಉಂಟು. ಊಟ ಸೇರುತ್ತದಾ? — ಸೇರುತ್ತದೆ. ಭಾಷೆ? — ಕಲಿಯುತ್ತಿದ್ದಾಳೆ. ಯಜಮಾನರಿಗೆ ಝೀಟಾಳ ಕೆಲಸ ಖುಷಿಯಾ?

ಬೇಳೆ ಸೀದ ವಾಸನೆ ಬರುತ್ತಿದೆ ಎಂದು ಅಡುಗೆಮನೆಗೆ ಓಡಿದೆ. ಹತ್ತು ನಿಮಿಷ ಅಲ್ಲೇ ನಿಂತೆ.

ಇಪ್ಪತ್ತು ವರ್ಷ ಮಕ್ಕಳಿಗೆ ಕನ್ನಡ ಪಾಠದ ಜೊತೆ ಸತ್ಯವನ್ನೂ ಕಲಿಸಿದವಳು.

೨೬ ಮಾರ್ಚ್

ಅಂಚೆಯ ಅಣ್ಣು ಬಂದ,
ಕೊಡೆ ಮಾತ್ರ ತಂದ.

೩೧ ಮಾರ್ಚ್

ಬಂದ. ಕೊಡೆಯೂ ಇಲ್ಲ.

೮ ಏಪ್ರಿಲ್, ಭಾನುವಾರ, ರಾತ್ರಿ

ಇಂದು ಕಾರ್ಕಳಕ್ಕೆ ಹೋದೆ. ನಾಳೆ ಝೀಟಾ ಪೆಟ್ಟಿಗೆ ಹಿಡಿದು ಬಂದಿಳಿದರೆ ಮೋಹಿನಿಯಕ್ಕನಿಗೆ ಯಾವ ಮುಖ ತೋರಿಸಲಿ? ಆಕೆ ಆಗಲೇ ಸ್ವೆಟರ್ ಹೆಣೆಯಲು ಕೊಟ್ಟಿದ್ದಾರೆ ಎಂದು ಸುದ್ದಿ. ಬಸ್ಸು ಬೆಳ್ಮಣ್ ದಾಟುವವರೆಗೂ ಮಾತು ಜೋಡಿಸಿದೆ. ಪ್ರಾಸ ಬಂದಲ್ಲೆಲ್ಲ ತೆಗೆದೆ.

ಚಾ ಕೊಟ್ಟರು. ಚಾ ಆರುವ ಮೊದಲೇ ಎಲ್ಲ ಹೇಳಿದೆ — ಭಾನುವಾರ, ನಲವತ್ತು ಕುಂಡ, ಹುಡುಗರ ಕಟಿಂಗು, ಖಾಲಿ ಲಾರಿ. ಪ್ರಫುಲ್ಲಾಳ ಅವಕಾಶವೂ ನಮ್ಮಿಂದ ಹೋಗಬಹುದು, ಕ್ಷಮಿಸಿ ಎಂದೆ. ಆಕೆ ನಗಲಿಲ್ಲ, ಬೈಯಲೂ ಇಲ್ಲ.

“ಮುಗಿಯಿತಾ ಟೀಚರೇ?”

“ಮುಗಿಯಿತು.”

“ಒಂದು ಬಿಟ್ಟಿರಿ. ಆ ಹೆಂಗಸು ಮಾಲೆಯನ್ನು ಫ್ರಿಜ್ಜಿನಲ್ಲಿಟ್ಟು ನಾಲ್ಕು ದಿನ ಹಾಕಿಕೊಂಡರಂತೆ. ಗಂಡ ಬರುವ ಹೊತ್ತಿಗೆ ಮಾತ್ರ ತೆಗೆದಿಡುವುದಂತೆ.”

ಪ್ರಫುಲ್ಲಾಳಿಗೂ ನನಗೆ ಬಂದ ವಾರವೇ ಝೀಟಾಳ ಕಾಗದ ಬಂದಿತ್ತಂತೆ. ನಾಲ್ಕು ಪುಟ. ನನಗೆ ಬಂದದ್ದು ಎರಡು.

ಹಾಗಾದರೆ ಎರಡು ಬಸ್ಸು ಬದಲಿಸಿ ನಮ್ಮಲ್ಲಿಗೆ ಬಂದದ್ದು ಎಂತಕ್ಕೆ ಎಂದು ಕೇಳಿದೆ.

“ಫಾದರ್ ಪ್ರಿನ್ಸಿಪಾಲರ ಕಿವಿಗೆ ಬಿದ್ದರೆ ಇಬ್ಬರು ಹುಡುಗಿಯರದೂ ಹೋಯಿತಲ್ವಾ. ನೀವು ಕೇಳಿದವರಿಗೆ ಎಂತ ಹೇಳುತ್ತೀರಿ ಎಂದು ನೋಡಲಿಕ್ಕೆ ಬಂದದ್ದು. ನಾನೂ ಅದನ್ನೇ ಹೇಳಬೇಕಲ್ಲ ಮಾರಾಯ್ರೇ.” ಚಾದ ಲೋಟ ತೆಗೆದುಕೊಳ್ಳುತ್ತಾ, “ಆದರೆ ಆ ಬೇಳೆಯದ್ದು ಇನ್ನೊಮ್ಮೆ ಮಾಡಬೇಡಿ. ನಿಮ್ಮ ಒಲೆ ಹೊತ್ತಿಸಿಯೇ ಇರಲಿಲ್ಲ.”

ಬಸ್ಸಿನವರೆಗೆ ಬಂದು ಕಳಿಸಿದರು. ಒಂದು ಸೀಸೆ ಉಪ್ಪಿನಕಾಯಿಯೂ ಕೊಟ್ಟರು. ತಿಂಗಳಿನಿಂದ ಇಂದೇ ಹಸಿವಾದದ್ದು.

೧೯ ಮೇ

ಕಾಗದ! ಕಳಿಸಲಿಲ್ಲ ಅವಳನ್ನು. ಎರಡು ತಿಂಗಳು ಕುಂಡ ತೊಳೆದಿದ್ದಾಳೆ. ಈಗ ಯಜಮಾನನ ತಮ್ಮನ ಟ್ಯೂಲಿಪ್ ಹೊಲಕ್ಕೆ ಜನ ಸಾಲದೆ ಇವಳನ್ನು ಕಳಿಸಿದ್ದಾರೆ. ಅಲ್ಲಿನ ಕೆಲಸ ಎಂತ ಗೊತ್ತೇ — ಹೊಲದ ಅಷ್ಟೂ ಹೂಗಳ ತಲೆ ಮುರಿದು ಬಿಸಾಡುವುದು. ಹೂ ಹೋದರೆ ಮಣ್ಣಿನೊಳಗಿನ ಗೆಡ್ಡೆ ದಪ್ಪವಾಗುತ್ತದಂತೆ. ಅವರಿಗೆ ಗೆಡ್ಡೆಯೇ ಫಸಲು.

ಝೀಟಾ ನಂಬಲಿಲ್ಲ. ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡು ಕೈ ಹಿಂದೆ ಕಟ್ಟಿ ನಿಂತಳಂತೆ. ಮೂರು ಸಲ ಕೇಳಿದಳಂತೆ. ಕೊನೆಗೆ ಚೀಟಿಯಲ್ಲಿ ಬರೆದು ಸಹಿ ಹಾಕಿಸಿಕೊಂಡು ಶುರು ಮಾಡಿದಳು. ಬೇರೆಯವರು ಒಂದು ಸಾಲು ಮುಗಿಸುವಾಗ ಇವಳದು ಮೂರು. ಐದು ವರ್ಷದವಳಿದ್ದಾಗಿನಿಂದ ಮೊಗ್ಗು ಕೊಯ್ದ ಕೈ. ಇವಳ ಯಜಮಾನ ಬಂದು ಸಾಲಿನ ತುದಿಯಲ್ಲಿ ನಿಂತು ಗಡಿಯಾರ ಹಿಡಿದು ನೋಡಿದನಂತೆ.

ಮಾಂಯ್‌ಗೆ ಓದಿ ಹೇಳಿದೆ. ಖುಷಿಪಡುತ್ತಾರೆ ಎಂದುಕೊಂಡಿದ್ದೆ.

“ಬಿಸಾಡುವುದಾ?” ಎಂದರು.

ಸಂಜೆ ಜಪಮಾಲೆಯ ತೇರ್ಸದಲ್ಲಿ ಹಾಲೆಂಡಿಗಾಗಿ ಬೇರೆಯೇ ಒಂದು ಪ್ರಾರ್ಥನೆ ಸೇರಿಸಿದರು.

೬ ಜೂನ್, ಬುಧವಾರ

ರಿಪೋರ್ಟ್ ಬಂತು. ಫಾದರ್ ಪ್ರಿನ್ಸಿಪಾಲರು ನನ್ನನ್ನೂ ಮೋಹಿನಿಯಕ್ಕನನ್ನೂ ಕರೆಸಿದ್ದರು. ಹೊರಗೆ ಮಳೆ, ಒಳಗೆ ನಾವಿಬ್ಬರು ಒಂದೇ ಬೆಂಚಿನಲ್ಲಿ, ಪರೀಕ್ಷೆಗೆ ಓದದ ಮಕ್ಕಳ ಹಾಗೆ. ಫಾದರ್ ಕನ್ನಡಕ ಒರೆಸಿ, ಹಾಕಿ, ತೆಗೆದು, ಮತ್ತೆ ಒರೆಸಿದರು. ಹಾಲೆಂಡಿನಲ್ಲಿ ಓದಿ ಬಂದವರು, ಆ ಭಾಷೆ ಬರುತ್ತದೆ. ಒಂದೊಂದೇ ವಾಕ್ಯ ಕನ್ನಡ ಮಾಡಿ ಓದಿದರು. ಕೆಲಸ ಉತ್ತಮ. ಇಂಥ ವೇಗದ ಕೈ ತಾನು ನೋಡಿದ್ದಿಲ್ಲ. ಜುಲೈಯಲ್ಲಿ ಎರಡನೆಯ ಹುಡುಗಿ ಬರಬಹುದು.

ಮೋಹಿನಿಯಕ್ಕ ನನ್ನ ಕೈ ಹಿಡಿದರು. ಇನ್ನೂ ಒಂದು ಸಾಲು ಉಂಟು ಎಂದರು ಫಾದರ್: “ಆದರೆ ಭಾನುವಾರ ಗಾಜಿನ ಮನೆಯ ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ.”

ಇದು ಯಾಕೆ ಎಂದು ನನ್ನನ್ನು ನೋಡಿದರು. ನನ್ನ ಬಾಯಿ ಅರ್ಧ ತೆರೆದಿತ್ತು.

“ಹುಡುಗಿಯರು ತಪ್ಪದೆ ಪೂಜೆಗೆ ಹೋಗಲಿ ಎಂದಿರಬೇಕು ಫಾದರ್,” ಎಂದರು ಮೋಹಿನಿಯಕ್ಕ. ಇಗರ್ಜಿಯ ಮೆಟ್ಟಿಲು ಹತ್ತಿದವರಲ್ಲ ಆಕೆ.

ಫಾದರ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಈ ಕಾಲದಲ್ಲಿ, ಅಂಥ ದೇಶದಲ್ಲಿ, ಎಂಥ ದೈವಭಕ್ತ ಎಂದರು. ಬರುವ ಭಾನುವಾರ ನಮ್ಮ ಇಗರ್ಜಿಗೆ ಪೂಜೆಗೆ ಬರುತ್ತಾರಂತೆ. ಪೂಜೆಯ ನಡುವಿನ ಪ್ರವಚನ, ಶೆರ್ಮಾಂವಿನಲ್ಲಿ ಇದನ್ನೇ ಉದಾಹರಣೆ ಕೊಡುತ್ತಾರಂತೆ.

ಭಾನುವಾರ ಮಾಂಯ್ ಕೂರುವುದು ಮೊದಲನೇ ಬೆಂಚಿನಲ್ಲಿ. ಆ ಯಜಮಾನನ ದೈವಭಕ್ತಿ ಕೇಳಿ ಸುಮ್ಮನೆ ಕೂರುವವರಲ್ಲ. ನಲವತ್ತು ಕುಂಡದ ಕಥೆಯನ್ನು ಎದ್ದು ನಿಂತೇ ಹೇಳುತ್ತಾರೆ. ಇನ್ನು ನಾಲ್ಕು ದಿನ ಉಂಟು. ಇವತ್ತೇ ಮಾತಾಡಬೇಕು. ಅಗೋ, ಪಡಸಾಲೆಗೆ ಬಂದರು. ಹೇಗೆ ಶುರು ಮಾಡುವುದು — ಮಾಂಯ್, ಭಾನುವಾರ ಫಾದರ್ ಏನೇ ಹೇಳಿದರೂ ನೀವು ಎದ್ದು —