ಇಂದ್ರಾಬಾಯಿ ಟೀಚರ್ ಮನೆಯ ಕಂಪ್ಯೂಟರ್

ಜುಲೈ 7, ಸೋಮವಾರ, ಸಂಜೆ

ಹಿತೇಶ್ ಭಾಯಿಯ ಲ್ಯಾಪ್‌ಟಾಪ್ — ‘ನೆಟ್ ಸತ್ತುಹೋಗಿದೆ’ ಎಂದು ನನ್ನ ರಿಪೇರಿ ಅಂಗಡಿಗೆ ಅಳುತ್ತ ಬಂದ. ಏರ್‌ಪ್ಲೇನ್ ಮೋಡ್ ಆನ್ ಆಗಿತ್ತು. ಒಂದು ಗುಂಡಿ ಒತ್ತಿ ಕೊಡಬಹುದಿತ್ತು. ಆದರೆ ಹಾಗೆ ಕೊಟ್ಟರೆ ನಮ್ಮ ವಿದ್ಯೆಗೆ ಬೆಲೆ ಎಲ್ಲಿ? ಹುಬ್ಬು ಗಂಟಿಕ್ಕಿ, ಕೇಬಲ್ ನೋಡಿ, ‘ಹ್ಞೂಂ’ ಎಂದು, ಆಮೇಲೆ ಒತ್ತಿದೆ. ಖುಷಿಯಿಂದ ಹೋದ.

ಅಂಗಡಿ ಮುಚ್ಚುವಾಗ ಕುರ್ಲಾದಿಂದ ಇಂದ್ರಾಬಾಯಿ ಟೀಚರ್ ಫೋನ್. ಕನ್ನಡ ಶಾಲೆಯಿಂದ ನಿವೃತ್ತರು, ಬಯಲುಸೀಮೆಯ ಇಂಡಿ ಕಡೆಯವರು. ಮುಂಬಯಿಯಲ್ಲೇ ಹುಟ್ಟಿದ ನಮ್ಮ ಮಕ್ಕಳಿಗೆ ವಾರಕ್ಕೆ ಮೂರು ಸಂಜೆ ಆನ್‌ಲೈನ್ ಕನ್ನಡ ಹೇಳಿಕೊಡುತ್ತಾರೆ. ನನ್ನ ಶ್ರಾವ್ಯಾಳೂ ಅಲ್ಲಿಯೇ.

“ಇವತ್ತೂ ಅದ ಹಾಡು ನೋಡ್ರಿ. ಚಾಲೂ ಮಾಡಿದ್ರ ಬರೇ ಚಕ್ರ ತಿರಗತದ. ಅದು ನಿಲ್ಲೂದ್ರಾಗ ಹುಡುಗರು ಎದ್ದು ಹೋಗ್ಯಾವ.”

ತಾಯಂದಿರ ಗ್ರೂಪಿನಲ್ಲಿ ಗೊಣಗಾಟ ಶುರುವಾಗಿದೆ. ಹೀಗೇ ಆದರೆ ಮಕ್ಕಳನ್ನು ಯಾವುದೋ ರೆಕಾರ್ಡ್ ಮಾಡಿದ ಕೋರ್ಸಿಗೆ ಹಾಕುತ್ತಾರಂತೆ. ಟೀಚರಿಗೆ ಆ ಕ್ಲಾಸು ಬಿಟ್ಟರೆ ಬೇರೆ ಉಸಿರಿಲ್ಲ.

ಜುಲೈ 8, ಮಂಗಳವಾರ

ಯೋಚಿಸಿದೆ. ಅಪ್‌ಡೇಟ್ ಅರ್ಧಕ್ಕೆ ನಿಂತಿರಬೇಕು. ನಿಂತದ್ದನ್ನು ಮರುದಿನ ವಾಪಸ್ ತೆಗೆಯುತ್ತ ಕೂರುತ್ತದೆ ಯಂತ್ರ. ಒಂದು ರಾತ್ರಿ ಪೂರ್ತಿ ಚಾಲೂ ಇಟ್ಟರೆ ಮುಗಿಯುತ್ತದೆ. ಫೋನ್ ಮಾಡಿದೆ.

ಟೀಚರ್ ಜೊತೆ ಮಾತಾಡುವಾಗ ನನ್ನ ಕನ್ನಡ ಇಸ್ತ್ರಿ ಹಾಕಿಕೊಳ್ಳುತ್ತದೆ. ಹಿಂದೊಮ್ಮೆ ‘ಖಾಲಿ ಫೋಕಟ್ ಟೈಮ್ ವೇಸ್ಟ್’ ಎಂದದ್ದಕ್ಕೆ ಎಲ್ಲರೆದುರು ತಿದ್ದಿಸಿಕೊಂಡವನು ನಾನು.

“ಟೀಚರೇ, ದಯವಿಟ್ಟು ಇವತ್ತು ಕಂಪ್ಯೂಟರನ್ನು ಆರಿಸಬೇಡಿ.”

“ಅಯ್ಯ! ನಮ್ಮನ್ಯಾಗ ಯಾರೂ ಆರಿಸೂದಿಲ್ಲಪಾ. ದೊಡ್ಡದ ಮಾಡತೀವಿ.”

ಪರದೆಯ ಮೇಲಿನ ಕಿಟಕಿಯನ್ನು ದೊಡ್ಡದು ಮಾಡುವುದು ಎಂದುಕೊಂಡೆ. ವಯಸ್ಸಾದ ಕಣ್ಣು. “ಧಾರಾಳವಾಗಿ ದೊಡ್ಡದು ಮಾಡಿ” ಎಂದೆ.

ಜುಲೈ 9, ಬುಧವಾರ

ಮತ್ತೆ ಚಕ್ರ. ಶ್ರಾವ್ಯಾ ಖಾಲಿ ಪರದೆ ನೋಡುತ್ತ ಚಿಪ್ಸ್ ಮುಗಿಸಿದಳು. “ಪಪ್ಪಾ, ಟೀಚರ್ ಆಯೀಚ್ ನಹೀ. ತುಮ್ ತೋ ಕಂಪ್ಯೂಟರ್‌ವಾಲೇ ಹೋ ನಾ?”

ಟೀಚರ್ ಬರಲೇ ಇಲ್ಲವಂತೆ; ನಾನು ಕಂಪ್ಯೂಟರಿನವನಂತೆ. ಚುಚ್ಚಿತು.

ಗ್ರೂಪಿನಲ್ಲಿ ಬೊರಿವಲಿಯ ಲಾವಣ್ಯಾ ಬರೆದಿದ್ದಾರೆ — ಶುಕ್ರವಾರ ಕೊನೆಯ ಚಾನ್ಸ್. ಕೆಳಗೆ ಸಾಲಾಗಿ ಹೆಬ್ಬೆರಳು. ನಾನು ಒತ್ತಲಿಲ್ಲ.

ಹೇಳಿದಂತೆ ಮಾಡಿದ್ದಾರೆ ಎನ್ನುತ್ತಾರೆ. ಆದರೂ ಹೀಗೆ. ಎಲ್ಲಿ ತಪ್ಪುತ್ತಿದೆ? ಈಗ ಟೀಚರಿಗಿಂತ ನನ್ನ ತಲೆಗೇ ಹುಳ ಹೊಕ್ಕಿದೆ.

ಜುಲೈ 10, ಗುರುವಾರ

ಕುರ್ಲಾಕ್ಕೆ ಹೋದೆ. ಲೋಕಲ್ ಟ್ರೇನಿನಲ್ಲಿ ಬ್ಯಾಗು ತಲೆಯ ಮೇಲೆ.

ಕೇಬಲ್ ಬದಲಿಸಿದೆ — ಅದಲ್ಲ. ರೌಟರ್ — ಸರಿ. ಡಿಸ್ಕ್, ಮೆಮೊರಿ, ವೈರಸ್ — ಎಲ್ಲ ಶುದ್ಧ. ಇಷ್ಟು ಚೊಕ್ಕ ಯಂತ್ರ ಘಾಟ್ಕೋಪರಿನ ನನ್ನ ಅಂಗಡಿಯಲ್ಲೂ ಇಲ್ಲ. ಕೀಬೋರ್ಡಿಗೆ ಕ್ರೋಶಾದ ಮುಸುಕು ಬೇರೆ. ಒಳಗಿನ ದಾಖಲೆ ತೆಗೆದೆ. ದಿನಾ ಸಂಜೆ ಏಕಾಏಕಿ ಕರೆಂಟ್ ಹೋಗಿದೆ ಎನ್ನುತ್ತದೆ. ಪಕ್ಕದ ಮನೆಯ ಅಮೋಲನನ್ನು ಕೇಳಿದರೆ, “ಲೈಟ್? ಕಧೀಚ್ ಜಾತ್ ನಾಹೀ.”

ಎಂದೂ ಹೋಗುವುದಿಲ್ಲವಂತೆ. ವಿಚಿತ್ರ. ಈ ಒಂದು ಟೇಬಲ್ಲಿಗೆ ಮಾತ್ರ ಹೋಗುವ ಕರೆಂಟ್!

ಅಪ್‌ಡೇಟ್ ಶುರು ಮಾಡಿ ಚಹಾ ಕುಡಿಯುತ್ತ ಕುಳಿತೆ. ಪರದೆಯಲ್ಲಿ ಕನ್ನಡದಲ್ಲೇ ಬಂತು: ‘ಕಂಪ್ಯೂಟರ್ ಆರಿಸಬೇಡಿ’. ಟೀಚರ್ ಹೆಮ್ಮೆಯಿಂದ ಬೆರಳು ತೋರಿಸಿದರು. “ನೋಡ್ರಿ, ಅದಕ್ಕೂ ರೀತಿ ಗೊತ್ತದ.”

ಏನು ರೀತಿ ಎಂದು ಕೇಳುವಷ್ಟರಲ್ಲಿ ಎದ್ದರು. “ಗುಡಿಗಿ ಹೋಗಬೇಕು. ತಡೀರಿ, ಇದನ್ನಿಷ್ಟು ದೊಡ್ಡದ ಮಾಡಿ ಬರತೀನಿ.”

ಮೊದಲು ಪರದೆಯ ಗುಂಡಿ. ಮೆಲ್ಲಗೆ. ಆಮೇಲೆ ಗೋಡೆಯ ಸ್ವಿಚ್. ಟಕ್.

“ಟೀಚರೇ! ಎಂತ ಮಾಡಿದ್ರಿ ಮಾರಾಯ್ರೆ!”

“ದೊಡ್ಡದ ಮಾಡಿದೆ.”

“ಅದು ಆಫ್ ಆಯ್ತಲ್ಲ!”

“ಹೌದು. ದೊಡ್ಡದ ಮಾಡಿದ್ರ ಆಫ್ ಆಗೂದನ. ದೀಪಕ್ಕ ‘ಆರಿಸು’ ಅಂತಾರೇನು, ಹುಚ್ಚಪ್ಪ? ಅಪಶಕುನ. ಉಫ್ ಅಂತ ಊದಿ ಆರಿಸಬಾರದು, ಹೂವಿಲೆ ಮೆತ್ತಗ ದೊಡ್ಡದ ಮಾಡಬೇಕು. ನಮ್ಮತ್ತಿ ಮುಂದ ಒಮ್ಮೆ ‘ಕಂದೀಲ ಆರಿಸ್ಲ್ಯಾ’ ಅಂದಿದ್ದೆ, ಎರಡು ದಿನ ಮಾತು ಬಿಟ್ಟಿದ್ರು. ನಮ್ಮ ಮನ್ಯಾಗ ಟ್ಯೂಬ್‌ಲೈಟೂ ದೊಡ್ಡದ, ಟಿವೀನೂ ದೊಡ್ಡದ.”

ನಾನು ‘ಆರಿಸಬೇಡಿ’ ಎಂದೆ. ಯಂತ್ರವೂ ‘ಆರಿಸಬೇಡಿ’ ಎಂದಿತು. ಅವರು ಇಬ್ಬರ ಮಾತನ್ನೂ ನಡೆಸಿಕೊಟ್ಟರು — ಮೆತ್ತಗೆ, ಶಾಸ್ತ್ರೋಕ್ತವಾಗಿ, ದಿನಾ ಸಂಜೆ.

“ಹಾಗಾದರೆ ನಾನು ಹೇಗೆ ಹೇಳಬೇಕಿತ್ತು?”

“ಆಫ್ ಮಾಡಬ್ಯಾಡ್ರಿ ಅನ್ನಬೇಕಿತ್ತು. ಅಷ್ಟೂ ಕನ್ನಡ ಬರೂದಿಲ್ಲೇನು ನಿಮಗ?”

ಇಸ್ತ್ರಿ ಹಾಕಿದ್ದೆಲ್ಲ ಮುದುಡಿತು. ಕರಾವಳಿಯ ನಮ್ಮೂರು ಹೆಬ್ರಿಯಲ್ಲಿ ನಾವು ದೀಪ ನಂದಿಸುವವರು. ಒಂದೇ ರಾಜ್ಯ, ಒಂದೇ ಲಿಪಿ. ಸ್ವಿಚ್ ಮಾತ್ರ ಉಲ್ಟಾ.

ಗುಡಿಗೆ ಹೋಗುವ ಮುನ್ನ ಟೀಚರ್ ಒಂದು ಚೀಟಿ ಬರೆದು ಸ್ವಿಚ್ಚಿಗೆ ಅಂಟಿಸಿದರು: ‘ಇದನ್ನು ದೊಡ್ಡದು ಮಾಡಬಾರದು’. ಮತ್ತೆ ಚಾಲೂ ಮಾಡಿದೆ. ಚಕ್ರ ತಿರುಗತೊಡಗಿತು. ತಿರುಗಲಿ.

ಜುಲೈ 11, ಶುಕ್ರವಾರ

ಆರು ಗಂಟೆ. ಅಂಗಡಿಯ ಶಟರ್ ಅರ್ಧ ಎಳೆದು ಶ್ರಾವ್ಯಾಳ ಪಕ್ಕ ಕುಳಿತೆ. ಪರದೆ ಕಪ್ಪು. ಕಪ್ಪು...

ಆಮೇಲೆ ಟೀಚರ್. ದೊಡ್ಡ ಕುಂಕುಮ, ಅರ್ಧ ಮುಖ, ಮೇಲೆ ಫ್ಯಾನು.

“ಕೇಳಸ್ತದೇನ್ರಪಾ?”

“ಕೇಳಸ್ತದ!” ಎಂದು ಎಲ್ಲ ಚೌಕಗಳಿಂದಲೂ ಕೂಗು. ಎದ್ದುಹೋಗುತ್ತಿದ್ದವರೂ ಬಂದಿದ್ದರು, ಕೊನೆಯ ಚಾನ್ಸಿನ ತಮಾಷೆ ನೋಡಲು.

ಪಾಠ ಯಾವುದು? ನನ್ನದೇ. “ದೇವಾನಂದ ಅನ್ನೋ ಶಾಣ್ಯಾ ಇಂಜಿನಿಯರ್” ಎಂದು ಶುರುಮಾಡಿ, ಆರಿಸು, ನಂದಿಸು, ದೊಡ್ಡದು ಮಾಡು — ಎಲ್ಲ ಹೇಳಿದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ಹೊತ್ತು ಮೀರಿದರೂ ಯಾರೂ ಏಳಲಿಲ್ಲ. ಕೊನೆಗೆ ಲಾವಣ್ಯಾ ಮೈಕ್ ಆನ್ ಮಾಡಿ, “ಟೀಚರ್, ಸೋಮವಾರ ಸೇಮ್ ಟೈಮ್ ಅಲ್ವಾ?” ಎಂದರು.

ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು.

ಆಗಸ್ಟ್ 24, ಭಾನುವಾರ

ಬರೆಯದೆ ತಿಂಗಳು ದಾಟಿತು. ಕ್ಲಾಸಿನಲ್ಲಿ ಈಗ ಕುರ್ಲಾದ ಹೊಸ ಮಕ್ಕಳೂ ಇದ್ದಾರಂತೆ. ಯಂತ್ರದಿಂದ ದೂರಿಲ್ಲ.

ಇಷ್ಟು ವರ್ಷ ಈ ಡೈರಿಗೆ ನಾನು ಬೀಗ ಹಾಕಿದವನಲ್ಲ. ಟೇಬಲ್ ಮೇಲೇ ಬಿದ್ದಿರುತ್ತಿತ್ತು. ಕನ್ನಡವೇ ಪಾಸ್‌ವರ್ಡ್, ಮನೆಯಲ್ಲಿ ನನ್ನ ಹೊರತು ಯಾರಿಗೂ ಓದಲು ಬರುವುದಿಲ್ಲ. ಗಿರಾಕಿಗಳ ಮಾತು, ಭಾವನ ಮಾತು, ಹೆಂಡತಿ ಶೀಲಾವತಿಯ ಮೀನುಸಾರಿನ ಬಗ್ಗೆ ಎರಡು ಮಾತು... ಎಲ್ಲ ಧೈರ್ಯವಾಗಿ ಬರೆದಿದ್ದೇನೆ.

ಈಗ ಹೆಗಲ ಹಿಂದೆ ಬಿಸಿ ಉಸಿರು. ಶ್ರಾವ್ಯಾ. ಬೆರಳಿಟ್ಟು ಅಕ್ಷರ ಕೂಡಿಸುತ್ತಿದ್ದಾಳೆ.

“ಶೀ... ಲಾ... ವ... ಮಮ್ಮೀ! ಪಪ್ಪಾ ನಿನ್ನ ಹೆಸರು ಬರೆದಿದಾರೆ! ಮೀ... ನು... ಸಾ... ರಿ—”