ಅಮ್ಮ ಪಟ್ಟಣ ನೋಡಿದ್ದು

ವಸತಿಗೃಹದ ಮೇಲಿನ ಮಹಡಿ, ರಸ್ತೆ ಕಡೆಯ ಕೋಣೆ
ಭಾನುವಾರ ಬೆಳಿಗ್ಗೆ

ಪ್ರೀತಿಯ ಮರೀ,

ಹೇಗಿದ್ದೀಯ? ಹಡಗಿನ ಅಡುಗೆಮನೆಯಲ್ಲಿ ಸುಟ್ಟುಕೊಂಡ ಕೈ ಮಾಯಿತೇ? ಬೆನ್ನುನೋವು? ಹಡಗಿಗೆಲ್ಲ ಬಡಿಸಿ ನೀನು ಅರೆಹೊಟ್ಟೆಯಲ್ಲಿ ಮಲಗಬೇಡ. ಇಲ್ಲಿ ನಾವಿಬ್ಬರೂ ಕ್ಷೇಮ. ಫೋನಿನಲ್ಲಿ ನಿನ್ನ ಮಾತು ಅರ್ಧ ಸಮುದ್ರದ ಪಾಲಾಗುತ್ತದೆ, ಅದಕ್ಕೇ "ಕಾಗದ ಬರಿ, ಮುಂದಿನ ಬಂದರಲ್ಲಿ ಸಿಗುತ್ತೆ" ಎಂದು ಅಮ್ಮನ ಅಪ್ಪಣೆಯಾಗಿದೆ. ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತಿದ್ದಾಳೆ. ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳಬೇಕಂತೆ. ಹಾಗಾಗಿ ಅವಳ ಮೇಲೆ ಚಾಡಿ ಹೇಳುವ ಹಾಗಿಲ್ಲ, ಇದ್ದುದರಲ್ಲೇ ಸುಧಾರಿಸಿಕೋ.

ವಿಷಯ ಏನೆಂದರೆ, ಅಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ನಾನು ಈ ಮಹಾನಗರಕ್ಕೆ ಬಂದಿದ್ದೇನೆ. ನಾನೇ ಓಡಿಸಿಕೊಂಡು ಬಂದೆ, ನಗಬೇಡ. ಗೇಟಿನ ಕಂಬಕ್ಕೆ ಗುದ್ದಿದ್ದು ಹಳೇ ಕಥೆ. ಎರಡು ದಿನದ ದಾರಿಗೆ ವಾರ ಹಿಡಿಯಿತು ಅಂದರೆ ಅದು ನನ್ನ ತಪ್ಪಲ್ಲ. ಅಮ್ಮ ಕಂಡಕಂಡಲ್ಲಿ ನಿಲ್ಲಿಸು ಅನ್ನುತ್ತಿದ್ದಳು. ಹಳದಿ ಹೂವಿನ ಹೊಲ ಬಂದರೆ ನಿಲ್ಲಿಸು, ಸೇತುವೆ ಬಂದರೆ ನಿಲ್ಲಿಸು. ಒಂದು ಕಡೆ ಯಾರದೋ ಮನೆಯ ಹಿತ್ತಲಲ್ಲಿ ಬಟ್ಟೆ ಒಣಹಾಕಿದ್ದರು, ಅದನ್ನೂ ಇಳಿದು ನೋಡಿದಳು. ಆ ಮನೆಯ ಹೆಂಗಸು ಹೊರಗೆ ಬಂದು "ಯಾರು ಬೇಕಾಗಿತ್ತು?" ಎಂದು ಕೇಳಿದರೆ, "ಯಾರೂ ಬೇಡಮ್ಮ, ನಿಮ್ಮ ಕೆಂಪು ಹೊದಿಕೆ ಚೆನ್ನಾಗಿದೆ, ನೋಡ್ತಾ ಇದ್ದೆ" ಅಂದಳು. ಆಕೆ ಒಳಗೆ ಕರೆದು ಕಾಫಿ ಕೊಟ್ಟರು. ಹೊರಡುವಾಗ ಇಬ್ಬರೂ ಅಕ್ಕತಂಗಿಯರ ಹಾಗೆ ಕೈ ಹಿಡಿದುಕೊಂಡು ನಿಂತಿದ್ದರು.

ನಾವು ಚಿಕ್ಕವರಿದ್ದಾಗ ಇದೇ ಊರಿಗೆ ಬಂದದ್ದು ನಿನಗೆ ನೆನಪಿದೆಯೋ ಇಲ್ಲವೋ. ಅಪ್ಪ ತನ್ನ ಗ್ಯಾರೇಜಿನ ಮಾಲೀಕರ ಹಳೇ ವ್ಯಾನು ಕೇಳಿ ತಂದಿದ್ದ. ಹಿಂದಿನ ಬಾಗಿಲಿಗೆ ಚಿಲಕವಿರಲಿಲ್ಲ, ಹಗ್ಗ ಕಟ್ಟಿದ್ದರು. ನೀನು ಇನ್ನೂ ಶಾಲೆಗೆ ಸೇರಿರಲಿಲ್ಲ. ಅಮ್ಮ ದಾರಿಯುದ್ದಕ್ಕೂ ತೊಡೆಯ ಮೇಲೆ ಅಂಗಿಗಳ ಗಂಟು ಇಟ್ಟುಕೊಂಡು ಗುಂಡಿ ಹಾಕುತ್ತಿದ್ದಳು, ವ್ಯಾನು ಕುಲುಕಿದಾಗೆಲ್ಲ ಸೂಜಿ ಚುಚ್ಚಿಸಿಕೊಂಡು ಅಪ್ಪನನ್ನು ಬೈಯುತ್ತಿದ್ದಳು. "ಹೊರಗೆ ನೋಡೇ, ಹೊಳೆ ಬಂತು" ಎಂದು ಅಪ್ಪ ಅಂದರೆ, "ಹೊಳೆ ಎಲ್ಲಿಗೂ ಹೋಗಲ್ಲ, ಇವು ಸೋಮವಾರಕ್ಕೆ ಕೊಡಬೇಕು" ಅನ್ನುತ್ತಿದ್ದಳು. ಮೃಗಾಲಯದಲ್ಲಿ ನೀನು ಕಳೆದುಹೋದೆ. ಅಪ್ಪ ಹುಲಿಯ ಬೋನಿನ ಕಡೆಗೆ ಓಡಿದ, ಅಮ್ಮ ಕೊಳದ ಕಡೆಗೆ. ನೀನು ಟಿಕೆಟ್ ಕೊಡುವಾಕೆಯ ಮಡಿಲಲ್ಲಿ ಕೂತು ಬಿಸ್ಕತ್ತು ತಿನ್ನುತ್ತಾ, "ನಮ್ಮಮ್ಮ ಕಳೆದುಹೋಗಿದ್ದಾಳೆ" ಎಂದು ದೂರು ಕೊಟ್ಟಿದ್ದೆ.

ನಿನ್ನೆ ಅದೇ ಮೃಗಾಲಯಕ್ಕೆ ಹೋದೆವು. ಟಿಕೆಟ್ ಕಟ್ಟೆಯ ಜಾಗದಲ್ಲಿ ಈಗ ಗಾಜಿನ ಕೋಣೆ ಬಂದಿದೆ. ಅಮ್ಮ ಅದರ ಮುಂದೆ ನಿಂತು, "ಆವತ್ತು ನಾನು ಈ ಊರಲ್ಲಿ ಏನೂ ನೋಡಲಿಲ್ಲ ಕಣೆ. ನಿಮ್ಮಿಬ್ಬರ ಬೆನ್ನು ನೋಡಿಕೊಂಡು ತಿರುಗಿದ್ದೇ ಬಂತು" ಅಂದಳು. ಆಮೇಲೆ ಜಿರಾಫೆಯ ಹತ್ತಿರ ಎಷ್ಟು ಹೊತ್ತು ನಿಂತಳೆಂದರೆ ಅದಕ್ಕೇ ಬೇಸರವಾಗಿ ಅತ್ತ ತಿರುಗಿಕೊಂಡಿತು. (ಇದನ್ನು ಓದಿ ಹೇಳಿದೆ. "ಬೇಸರ ಅಲ್ಲ, ನಾಚಿಕೆ" ಎಂದು ತಿದ್ದಲು ಹೇಳುತ್ತಿದ್ದಾಳೆ.)

ಚಿತ್ರಶಾಲೆಯಲ್ಲಿ ಇನ್ನೂ ಮಜಾ. ಇಡೀ ಗೋಡೆ ತುಂಬುವ ಯುದ್ಧದ ಚಿತ್ರವೊಂದಿದೆ, ಜನ ಅಲ್ಲಿ ಸಾಲುಗಟ್ಟಿ ನಿಂತಿದ್ದರು. ಅಮ್ಮ ಮಾತ್ರ ಮೂಲೆಯಲ್ಲಿದ್ದ ಸಣ್ಣ ಚಿತ್ರದ ಮುಂದೆ ಬೇರು ಬಿಟ್ಟಳು. ನೀಲಿ ಉಡುಪು ತೊಟ್ಟ ಹೆಂಗಸು ಕಾಗದ ಓದುತ್ತಿದ್ದಾಳೆ, ಅಷ್ಟೇ. ಅಮ್ಮ ಮೂಗು ತಾಗುವಷ್ಟು ಹತ್ತಿರ ಹೋದಳು. ಕಾವಲಿನವನು ಬಂದು, "ಅಮ್ಮಾ, ಗೆರೆಯಿಂದ ಆಚೆ ನಿಂತ್ಕೊಳ್ಳಿ" ಅಂದ. "ನಿಂತ್ಕೋತೀನಪ್ಪ. ಈ ತೋಳಿನ ನೆರಿಗೆ ಒಂದು ನೋಡಿಬಿಡ್ತೀನಿ" ಅಂದಳು. ಅವನು ಅತ್ತಿತ್ತ ನೋಡಿ, "ಬೇಗ ನೋಡಿ" ಎಂದು ಬೆನ್ನು ತಿರುಗಿಸಿ ನಿಂತುಕೊಂಡ. ಹೊರಗೆ ಬಂದ ಮೇಲೆ, ಅಪ್ಪ ಮದುವೆಯ ಹೊಸತರಲ್ಲಿ ಅಂಥದೇ ನೀಲಿ ಬಟ್ಟೆ ತಂದುಕೊಟ್ಟಿದ್ದ, ಅದನ್ನು ಹೊಲಿದುಕೊಳ್ಳಲು ಪುರುಸೊತ್ತಾಗದೆ ಕೊನೆಗೆ ನಿಮ್ಮಿಬ್ಬರಿಗೆ ಅಂಗಿ ಮಾಡಿದೆ ಎಂದಳು. ನನಗೆ ಆ ಅಂಗಿ ನೆನಪಿದೆ ಮರೀ. ನಿನ್ನದಕ್ಕೆ ಎರಡು ಜೇಬಿದ್ದವು, ನನ್ನದಕ್ಕೆ ಒಂದೂ ಇರಲಿಲ್ಲವೆಂದು ನಾನು ಊಟ ಬಿಟ್ಟಿದ್ದೆ.

ಸಂಜೆ ಬಟ್ಟೆ ಅಂಗಡಿಗಳ ಬೀದಿಗೆ ಹೋದೆವು. ಅಂಗಡಿಯವನ ಕೈಲಿ ಹಸಿರು ಬಟ್ಟೆಯ ಸುರುಳಿಗಳನ್ನೆಲ್ಲ ಬಿಚ್ಚಿಸಿದಳು. ಗಿಳಿ ಹಸಿರು, ಪಾಚಿ ಹಸಿರು, ಎಲೆ ಹಸಿರು ಎಂದು ಒಂದೊಂದರ ಮೇಲೂ ಅಂಗೈ ಸವರಿಕೊಂಡು ಹೋದಳು. "ಯಾವುದು ಕೊಡಲಿ?" ಎಂದು ಅವನು ಕೇಳಿದ. "ಕೊಡೋದು ಬೇಡಪ್ಪ, ತೋರಿಸಿದ್ರಲ್ಲ, ಸಾಕು" ಅಂದುಬಿಟ್ಟಳು. ನಾನು ನಾಚಿಕೆಯಿಂದ ಒಂದು ಕರವಸ್ತ್ರ ಕೊಂಡೆ.

ಕೊನೆಗೆ ಬಂದರಿಗೆ ಹೋದೆವು. ಕಟ್ಟೆಯ ಮೇಲೆ ಕೂತು ಹಡಗುಗಳನ್ನು ನೋಡಿದೆವು. ನಿನ್ನ ಹಡಗು ಇದರಷ್ಟಿದೆಯಾ, ಅದರಷ್ಟಿದೆಯಾ ಎಂದು ಒಂದೊಂದನ್ನೂ ತೋರಿಸಿ ಕೇಳಿದಳು. ನನಗೇನು ಗೊತ್ತು, ಎಲ್ಲದಕ್ಕಿಂತ ದೊಡ್ಡದು ಅಂದೆ. ಖುಷಿಯಾಯಿತು ಅವಳಿಗೆ. ನೀನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಸೊಪ್ಪು ಹೆಚ್ಚುತ್ತಿರಬಹುದು ಎಂದು ನಾನು ನಗಿಸಲು ನೋಡಿದೆ. ಅವಳು ನಗಲಿಲ್ಲ, ಹೊತ್ತು ಮುಳುಗುವವರೆಗೂ ನೀರಿನ ಕಡೆಗೇ ನೋಡುತ್ತಾ ಕೂತಿದ್ದಳು. ನನ್ನ ಮೊಣಕೈ ಹಿಡಿದುಕೊಂಡೇ ಮೆಟ್ಟಿಲು ಇಳಿದಳು.

ನಾಳೆ ಹೊರಡುತ್ತೇವೆ. ವೇಳೆಗೆ ಸರಿಯಾಗಿ ಉಣ್ಣು, ಬೆನ್ನಿಗೆ ಎಣ್ಣೆ ಹಚ್ಚು, ಕೋಪ ಕಡಿಮೆ ಮಾಡಿಕೋ. ಇವು ಮೂರೂ ಅಮ್ಮ ಹೇಳಿ ಬರೆಸಿದ್ದು. ಅವಳ ಆಶೀರ್ವಾದ ಎಂದಿನಂತೆ ನಿನಗೆ ಒಂದು ಹಿಡಿ ಹೆಚ್ಚು, ನನಗೆ ಒಂದು ಹಿಡಿ ಕಡಿಮೆ.

ನಿನ್ನ
ಅಕ್ಕ

ತಾ.ಕ.: ಅಮ್ಮ ಸ್ನಾನಕ್ಕೆ ಹೋಗಿದ್ದಾಳೆ, ಬೇಗ ಬರೆಯುತ್ತೇನೆ. ಇದನ್ನು ಅವಳಿಗೆ ಓದಿ ಹೇಳುವುದಿಲ್ಲ. ಅವಳ ಎರಡೂ ಕಣ್ಣು ಹೋಗುತ್ತಿವೆ. ನಟ್ಟನಡುವೆ ಮಸುಕಾಗುತ್ತಾ ಬರುತ್ತದಂತೆ, ಔಷಧದಿಂದ ತಡವಾಗಬಹುದೇ ಹೊರತು ನಿಲ್ಲುವುದಿಲ್ಲ ಎಂದರು ಕಣ್ಣಿನ ಡಾಕ್ಟರು. ಅವರ ಕೋಣೆಯಿಂದ ಹೊರಗೆ ಬಂದವಳೇ "ಕಾರು ತೆಗಿ, ಆ ಊರಿಗೆ ಹೋಗೋಣ" ಅಂದಳು. "ಅವನಿಗೆ ಹೇಳಬೇಡ, ಕೆಲಸ ಬಿಟ್ಟು ಓಡಿ ಬರ್ತಾನೆ" ಎಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳೆ. ಆಣೆ ಮುರಿದಿದ್ದೇನೆ. ಬರುವ ವರ್ಷದ ರಜೆಗೆ ಕಾಯಬೇಡ, ಆಗ ಅವಳಿಗೆ ಮುಖಗಳ ಗುರುತು ಸಿಗಲಾರದು. ಯಾವ ಬಂದರಿನಲ್ಲಿ ಇಳಿಯಲು ಬಿಡುತ್ತಾರೋ ಅಲ್ಲಿ ಇಳಿದು ಬಾ. ನಾನು ಹೇಳಿದೆ ಅನ್ನಬೇಡ, ಸುಮ್ಮನೆ ಬಂದೆ ಅನ್ನು. ನೀರಿನ ಸದ್ದು ನಿಂತಿತು. ಇನ್ನೊಂದು, ಬರುವಾಗ ಆ ಗಡ್ಡ ಬೋಳಿಸಿಕೊಂಡು ಬಾ. ಅಮ್ಮನಿಗೆ ನಿನ್ನ ಮುಖ ಪೂರ್ತಿ ಕಾಣಬೇಕು.