ಮೊದಲ ಬಾಸ್ಕೆಟ್ ಬೀಳುವವರೆಗೆ

ಕೋರ್ವಿನ್, ಇಂಡಿಯಾನಾ
ಫೆಬ್ರವರಿ 11, 2004

ನನ್ನ ಮುದ್ದಿನ ವೆಸ್,

ನಿನ್ನ ಕ್ರಿಸ್‌ಮಸ್ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಬರೆಯಲು ಕೂತಾಗಲೆಲ್ಲ ನಿಮ್ಮಪ್ಪ ಯಾರಿಗೆ ಎಂದು ಕೇಳುತ್ತಾನೆ. ನಿನಗೆ ಎಂದರೆ ಸುಮ್ಮನೆ ಎದ್ದು ಕಿಟಕಿ ಹತ್ತಿರ ಹೋಗಿ ನಿಲ್ಲುತ್ತಾನೆ. ಆಮೇಲೆ ನನಗೂ ಕೈ ಓಡುವುದಿಲ್ಲ. ಇವತ್ತು ಅವನನ್ನು ಪಕ್ಕದ ಮನೆಯ ಲೈಲ್ ಜೊತೆ ಕ್ಷೌರಕ್ಕೆ ಕಳಿಸಿ ಬರೆಯುತ್ತಿದ್ದೇನೆ. ಒಬ್ಬನನ್ನೇ ಬಿಟ್ಟರೆ ಈಗ ದಾರಿ ತಪ್ಪುತ್ತಾನೆ. ಹೊಸದೆಲ್ಲ ಮೊದಲು ಮರೆತುಹೋಗುತ್ತದೆ, ಹಳೆಯದು ಸ್ವಲ್ಪ ಕಾಲ ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಊರಿಗೆ ಇದು ಗೊತ್ತಿರಲಿಲ್ಲ. ಗೊತ್ತಾಗಬಾರದು ಎಂದು ಅವನೇ ನನ್ನ ಕೈ ಹಿಡಿದು ಕೇಳಿಕೊಂಡಿದ್ದ.

ಅಷ್ಟರಲ್ಲಿ ಕಾಲೇಜಿನವರು ಬಂದರು. ಬಾಸ್ಕೆಟ್‌ಬಾಲ್ ತಂಡಕ್ಕೆ ಈ ವರ್ಷ ನೂರು ತುಂಬಿತಂತೆ, ಶನಿವಾರ ಪಂದ್ಯಕ್ಕೆ ಮುಂಚೆ ತಂಡದ ಚರಿತ್ರೆಯನ್ನು ಹಳೆಯ ಕೋಚ್ ಪ್ರುವಿಟ್, ಅಂದರೆ ನಿಮ್ಮಪ್ಪನೇ ಹೇಳಬೇಕಂತೆ. ಚರಿತ್ರೆ ಎಂದರೇ ಅವರು, ಬೇರೆ ಯಾರನ್ನು ಕರೆಯೋದು ಎಂದು ಡೆನಿಸ್ ಕೋಬಲ್ ನಕ್ಕ. ಹೌದು, ನಿನ್ನ ಓರಗೆಯ ಡೆನಿಸ್ಸೇ; ಈಗ ಅವನು ಕೋಚ್, ಹೊಟ್ಟೆ ಬಂದಿದೆ. ನಿಮ್ಮಪ್ಪ ಹಿಂದೆಮುಂದೆ ನೋಡದೆ ಒಪ್ಪಿಬಿಟ್ಟ.

ಆ ವಾರವೆಲ್ಲ ತಿಂದದ್ದು ಮೈಗೆ ಹತ್ತಲಿಲ್ಲ. ಮೈಕಿನ ಮುಂದೆ ತಡವರಿಸಿದರೆ ಏನು ಗತಿ? ಊರ ತುಂಬ ಅವನ ಕೈಕೆಳಗೆ ಆಡಿದವರೇ ಇದ್ದಾರೆ, ಒಬ್ಬನ ಹೆಸರು ಬಿಟ್ಟರೂ ಬಣ್ಣ ಬಯಲು. ಅಡುಗೆಮನೆಯಲ್ಲಿ ಒಂದು ಸಲ ಹೇಳಿ ನೋಡು ಎಂದರೆ, ನಾನೇನು ಸ್ಕೂಲ್ ಹುಡುಗನಾ ಎಂದು ಗದರಿದ.

ಶನಿವಾರ ಜಿಮ್ ತುಂಬಿ ತುಳುಕುತ್ತಿತ್ತು. ಎಲ್ಲೆಲ್ಲೂ ಪಾಪ್‌ಕಾರ್ನ್ ವಾಸನೆ. ನಿಮ್ಮಪ್ಪ ಕಂದು ಕೋಟು ಹಾಕಿಕೊಂಡು ಮೈಕು ಹಿಡಿದ. ಏನು ಹೇಳಲಿ ಮಗನೇ, ನೀರು ಕುಡಿದ ಹಾಗೆ ಹೇಳಿಕೊಂಡು ಹೋದ! ಮೊದಲ ತಂಡ ಚರ್ಚಿನ ನೆಲಮಾಳಿಗೆಯಲ್ಲಿ ಆಡುತ್ತಿದ್ದದ್ದು, ಸೂರು ತಗ್ಗಾದ್ದರಿಂದ ಚೆಂಡನ್ನು ಮೇಲಕ್ಕೆಸೆಯದೆ ನೇರ ನೂಕುವುದನ್ನೇ ಕಲಿತದ್ದು, ಆಮೇಲೆ ಎತ್ತರದ ಜಿಮ್ಮಿಗೆ ಹೋಗಿ ಇಡೀ ವರ್ಷ ಸೋತದ್ದು. ನೆಲಮಾಳಿಗೆಯಲ್ಲಿ ಕುರ್ಚಿಗಳಿರಲಿಲ್ಲ, ಜನ ನಿಂತೇ ನೋಡುತ್ತಿದ್ದರು. ಅದರ ನೆನಪಿಗೇ ಇಂದಿಗೂ ನಮ್ಮವರು ಮೊದಲ ಬಾಸ್ಕೆಟ್ ಹಾಕುವ ತನಕ ಒಬ್ಬರೂ ಕೂರುವಂತಿಲ್ಲ ಎಂದಾಗ ಜಿಮ್ಮೆಲ್ಲ ಚಪ್ಪಾಳೆ. ಯುದ್ಧದ ಕಾಲಕ್ಕೆ ಆಡಲು ಗಂಡಸರೇ ಉಳಿಯದೆ ತಂಡ ಮುಚ್ಚಿದ್ದು, ತಾನು ಕೋಚ್ ಆಗಿ ಬಂದದ್ದು, ಲೀಗ್ ಗೆದ್ದ ನೆನಪಿಗೆ ಹುಡುಗರೆಲ್ಲ ಏಣಿ ಹತ್ತಿ ರಿಂಗಿನ ನೆಟ್ ಕತ್ತರಿಸಿಕೊಂಡದ್ದು. ಒಂದು ಹೆಸರೂ ತಪ್ಪಲಿಲ್ಲ. ನನಗೆ ಹೋದ ಜೀವ ಬಂದಂತಾಯಿತು.

ಆಮೇಲೆ ನೀನು ತಂಡದಲ್ಲಿದ್ದ ವರ್ಷಗಳಿಗೆ ಬಂದ. "ಅದಾದ್ಮೇಲೆ..." ಎಂದವನು ನಿಂತುಬಿಟ್ಟ. ಮತ್ತೆ "ಅದಾದ್ಮೇಲೆ..." ಎಂದ. ಮುಂದಿನ ಸಾಲಿನ ಹೆಂಗಸರು ಮುಖ ಮುಖ ನೋಡಿಕೊಂಡರು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಡೆನಿಸ್ ಓಡಿಬಂದು ಅವನ ಹೆಗಲ ಮೇಲೆ ಕೈಯಿಟ್ಟು, "ಉಳಿದಿದ್ದು ನಮಗೆಲ್ಲ ಗೊತ್ತಲ್ಲ ಕೋಚ್, ಆಟ ಶುರು ಮಾಡೋಣ್ವಾ?" ಎಂದು ಮೆಲ್ಲಗೆ ಮೈಕು ತೆಗೆದುಕೊಂಡ. ಒಳ್ಳೆಯ ಹುಡುಗ.

ಆಟ ಶುರುವಾಯಿತು, ಎಲ್ಲರೂ ನಿಂತಿದ್ದೆವು. ನಮ್ಮವರು ಎಸೆದದ್ದೆಲ್ಲ ರಿಂಗಿಗೆ ಬಡಿದು ಹೊರಗೆ. ಕೊನೆಗೂ ಒಬ್ಬ ಹಾಕಿದ, ಎಲ್ಲರೂ ಉಸ್ಸೆಂದು ಕೂತರು. ನಿಮ್ಮಪ್ಪ ಮಾತ್ರ ಕೂರಲಿಲ್ಲ. ಕೋಟು ಹಿಡಿದು ಜಗ್ಗಿದೆ, ಕೈ ಕೊಡವಿದ. "ಅಜ್ಜಾ, ಸ್ಕೋರ್‌ಬೋರ್ಡ್ ನೋಡು, ಬಿದ್ದಾಯ್ತು" ಎಂದು ಹಿಂದಿನಿಂದ ಯಾರೋ ತಮಾಷೆ ಮಾಡಿದ. ಆಮೇಲೆ ಅವನೂ ಮುಖ ಬೇರೆ ಕಡೆ ತಿರುಗಿಸಿಕೊಂಡ, ಅದು ಇನ್ನೂ ಕಷ್ಟವಾಯಿತು. ಮಧ್ಯಂತರದ ತನಕ ನಿಂತೇ ಇದ್ದ. ಯಾಕೆಂದು ಬರೆಯಲು ಕೈ ಬರುತ್ತಿಲ್ಲ, ಸ್ವಲ್ಪ ತಾಳು.

ಈಗ ಊರಿಗೆಲ್ಲ ಗೊತ್ತು. ಸಾವಾದ ಮನೆಗೆ ತರುವ ಹಾಗೆ ದಿನಕ್ಕೊಬ್ಬರು ಕೋಳಿ ನೂಡಲ್ಸ್ ಮಾಡಿ ತಂದಿಡುತ್ತಿದ್ದಾರೆ. ನನಗೆ ಮೈಯೆಲ್ಲ ಉರಿಯುತ್ತದೆ, ಆದರೂ ಥ್ಯಾಂಕ್ಸ್ ಹೇಳಿ ಪಾತ್ರೆ ತೊಳೆದು ಕೊಡುತ್ತೇನೆ.

ಈ ಜಿಮ್ಮಿಗೆ ಕಾಲಿಡುವುದಿಲ್ಲ ಎಂದು ನೀನು ಹೇಳಿದ್ದು ನೆನಪಿದೆ. ಬಾ ಎಂದು ಪೀಡಿಸುವುದಿಲ್ಲ. ಬರುವುದಾದರೆ ಬೇಗ ಬಾ, ಅಷ್ಟೆ. ನಿನ್ನ ಫೋಟೋ ತೋರಿಸಿದರೆ ಇನ್ನೂ ಥಟ್ಟನೆ ಗುರುತು ಹಿಡಿಯುತ್ತಾನೆ. ಎಷ್ಟು ದಿನವೋ ಗೊತ್ತಿಲ್ಲ. ನನಗೆ ಭಯವಾಗುತ್ತದೆ ವೆಸ್.

ದೇವರು ನಿನ್ನನ್ನೂ ಸೊಸೆ ನೋರಾಳನ್ನೂ ತಣ್ಣಗಿಟ್ಟಿರಲಿ. ಶೀತಕ್ಕೆ ಮೈ ಒಡ್ಡಬೇಡ.

ನಿನ್ನ ಅಮ್ಮ,
ಆರ್ಡಿತ್

ತಾ.ಕ.: ಲೈಲ್ ಕಾರು ಬಂದ ಸದ್ದಾಯಿತು, ಅವತ್ತು ಜಿಮ್ಮಿನಲ್ಲಿ ನಿಮ್ಮಪ್ಪ ಯಾಕೆ ಕೂರಲಿಲ್ಲವೆಂದು ಬರೆದೇಬಿಡುತ್ತೇನೆ. "ಕೂತ್ಕೋ ಹಾಯ್ಟ್, ನಮ್ಮೋರು ಹಾಕಿ ಆಯ್ತು" ಎಂದೆ ನಾನು. ಅವನು ಬಾಗಿ ನನ್ನ ಕಿವಿಯಲ್ಲಿ, "ವೆಸ್ ಇನ್ನೂ ಒಂದೂ ಹಾಕಿಲ್ಲ ಕಣೇ" ಎಂದ. ಕೋಚ್ ಮಗನಿಗೊಂದು ನ್ಯಾಯ ಎಂದು ಊರು ಆಡಿಕೊಂಡೀತೆಂದು ನಿನ್ನನ್ನು ನಾಲ್ಕು ವರ್ಷವೂ ಬೆಂಚಿನ ಮೇಲೇ ಕೂರಿಸಿದ ಮನುಷ್ಯ! ನನಗೆ ಏನೂ ತೋಚದೆ ಸುಳ್ಳು ಹೇಳಿದೆ. ಈಗಷ್ಟೇ ಹಾಕಿದ, ನೀನು ಆ ಕಡೆ ನೋಡ್ತಿದ್ದೆ ಎಂದೆ. ಅವನು ನನ್ನ ಮುಖವನ್ನೇ ನೋಡಿದ, ಕಣ್ಣು ತುಂಬಿತ್ತು. "ಸುಳ್ಳು ಹೇಳ್ಬೇಡ ಆರ್ಡಿ. ನಾನು ಅವನನ್ನ ಆಟಕ್ಕೇ ಇಳಿಸಿಲ್ವಲ್ಲ" ಎಂದ.